ಮಾತಿನ ಕಟ್ಟೆ ಹತ್ತಿದವರು: ಹಳೆಯ ರೋಮಿನಲ್ಲಿ ಭಾಷಣ

ರೋಮಿನ ಭಾಷಣಕಲೆ ಅಂದ ತಕ್ಷಣ ಬಾಯಿಗೆ ಬರುವ ಹೆಸರು ಸಿಸೆರೊ, ಕ್ರಿ.ಪೂ. ಒಂದನೇ ಶತಮಾನದ ವಕೀಲ, ರಾಜಕಾರಣಿ. ಅವನ ಹತ್ತಿರ ಹೋಗೋಣ. ಆದರೆ ಮೊದಲು ಅವನು ನಿಂತು ಮಾತಾಡಿದ ಜಾಗ ನೋಡಬೇಕು. ರೋಮನ್ನರು ಎಷ್ಟು ಚೆನ್ನಾಗಿ ಮಾತಾಡಿದರು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಯಾರನ್ನು ಮಾತಾಡಲು ಬಿಟ್ಟರು, ಆ ಮಾತು ಕೇಳಿ ತೀರ್ಮಾನ ಮಾಡುವ ಅಧಿಕಾರ ಯಾರ ಕೈಯಲ್ಲಿತ್ತು ಅನ್ನುವುದನ್ನು ಕೇಳುವವರು ಕಡಿಮೆ. ನನಗೆ ಇವತ್ತು ಹೇಳಬೇಕಾಗಿರುವುದು ಮುಖ್ಯವಾಗಿ ಅದೇ.

ಊರಿನ ನಡುವೆ ಫೋರಮ್ ಅನ್ನುವ ಬಯಲು. ವ್ಯಾಪಾರ, ಸಾಲ-ಬಡ್ಡಿ, ಕೋರ್ಟು, ದೊಡ್ಡವರ ಶವಯಾತ್ರೆ, ಎಲ್ಲವೂ ಅಲ್ಲೇ. ಬಯಲಿನ ಅಂಚಿನಲ್ಲಿ ಒಂದು ಎತ್ತರದ ಕಟ್ಟೆ. ಅದರ ಹೆಸರು ರೋಸ್ಟ್ರಾ. ಕ್ರಿ.ಪೂ. 338ರಲ್ಲಿ ಆಂಟಿಯಂ ಅನ್ನುವ ಕಡಲ ತೀರದ ಊರನ್ನು ರೋಮನ್ನರು ಸೋಲಿಸಿದರು. ಅಲ್ಲಿನ ಹಡಗುಗಳ ಮೂತಿಗೆ ಜಡಿದಿದ್ದ ಲೋಹದ ಕೊಕ್ಕುಗಳನ್ನು ಕಿತ್ತು ತಂದು ಈ ಕಟ್ಟೆಯ ಮುಂಭಾಗಕ್ಕೆ ಸಿಕ್ಕಿಸಿದರು. ಎದುರಾಳಿಯ ಹಡಗಿಗೆ ಗುದ್ದಿ ಸೀಳುವ ಕೊಕ್ಕು ಅದು. ಮಾತಾಡುವವನ ಕಾಲ ಕೆಳಗೆ, ಜನರ ಕಡೆ ಚಾಚಿಕೊಂಡು ಅವು ಇರುತ್ತಿದ್ದವು.

ರೋಮಿನಲ್ಲಿ ಕಾನೂನು ಆಗುತ್ತಿದ್ದದ್ದು ಜನರ ಮತದಿಂದ. ಆದರೆ ಮತ ಹಾಕುವ ಸಭೆಯಲ್ಲಿ ಚರ್ಚೆ ಇಲ್ಲ, ತಿದ್ದುಪಡಿ ಇಲ್ಲ. ಹೌದು ಅಥವಾ ಬೇಡ, ಅಷ್ಟೇ. ಮಸೂದೆಯನ್ನು ಮೊದಲೇ ಪ್ರಕಟಿಸಬೇಕು, ಮೂರು ಸಂತೆಯ ದಿನ ಕಳೆಯಬೇಕು, ಆಮೇಲೆ ಮತ. ಈ ನಡುವೆ ಜನರನ್ನು ಸೇರಿಸಿ ಮಾತಾಡುವ ಬಹಿರಂಗ ಸಭೆಗಳು ನಡೆಯುತ್ತಿದ್ದವು. ಅವಕ್ಕೆ ಕೊಂಟಿಯೊ ಎಂದು ಹೆಸರು. ಒಲಿಸುವುದು, ಕೆರಳಿಸುವುದು, ಹೆದರಿಸುವುದು ಎಲ್ಲ ಅಲ್ಲೇ ಮುಗಿಯಬೇಕಿತ್ತು.

ಕೊಂಟಿಯೊಗೆ ಯಾರು ಬೇಕಾದರೂ ಬರಬಹುದಿತ್ತು. ಮತವಿಲ್ಲದ ಹೆಂಗಸರು, ಗುಲಾಮರು, ಪರದೇಶದವರು ಬಂದು ನಿಂತರೂ ತಡೆಯುವವರಿಲ್ಲ. ಆದರೆ ಸಭೆ ಕರೆಯುವ ಹಕ್ಕು ಅಧಿಕಾರದಲ್ಲಿದ್ದವರಿಗೆ ಮಾತ್ರ. ಕಟ್ಟೆ ಮೇಲೆ ಯಾರನ್ನು ಕರೆಯಬೇಕು ಅನ್ನುವುದೂ ಅವರದೇ ತೀರ್ಮಾನ. ಅಥೆನ್ಸಿನ ಸಭೆಯಲ್ಲಿ 'ಯಾರಿಗೆ ಮಾತಾಡಬೇಕು, ಬನ್ನಿ' ಎಂದು ಸಾರುವವನು ಕೂಗಿ ಕರೆಯುತ್ತಿದ್ದ. ರೋಮಿನಲ್ಲಿ ಹಾಗೆ ಕರೆಯುವ ಪದ್ಧತಿಯೇ ಇರಲಿಲ್ಲ. ಚಪ್ಪಲಿ ಹೊಲಿಯುವವನು ಫೋರಮ್ಮಿನಲ್ಲಿ ದಿನವಿಡೀ ನಿಂತು ಕೇಳಬಹುದಿತ್ತು, ಕೂಗಾಡಬಹುದಿತ್ತು, ಆಮೇಲೆ ಮತವನ್ನೂ ಹಾಕಬಹುದಿತ್ತು. ಆ ಕಟ್ಟೆ ಮಾತ್ರ ಅವನದಲ್ಲ.

ಹಾಗಂತ ಕೆಳಗೆ ನಿಂತವರು ಸುಮ್ನೆ ಇರುತ್ತಿದ್ದರು ಅಂದುಕೊಳ್ಳಬೇಡಿ. ಹಿಡಿಸದಿದ್ದರೆ ಗದ್ದಲ ಎಬ್ಬಿಸುತ್ತಿದ್ದರು, ಬೈಯುತ್ತಿದ್ದರು, ಎದ್ದು ಹೋಗುತ್ತಿದ್ದರು. ಎದ್ದು ಹೋಗುವುದು ಅಂದರೆ ತಪ್ಪಾಗುತ್ತದೆ, ಯಾಕೆಂದರೆ ಅವರು ಕೂತಿರುತ್ತಲೇ ಇರಲಿಲ್ಲ. ಗ್ರೀಕರು ಕೂತು ಸಭೆ ನಡೆಸುತ್ತಾರೆ ಎಂದು ಸಿಸೆರೊ ಒಂದು ಕಡೆ ಹೀಯಾಳಿಸುತ್ತಾನೆ. ರೋಮನ್ನರು ನಿಂತೇ ಕೇಳುತ್ತಿದ್ದರು. ಬಿಸಿಲು, ನೂಕುನುಗ್ಗಲು, ಪಕ್ಕದಲ್ಲಿ ವ್ಯಾಪಾರಿಗಳ ಕೂಗು. ಮೈಕಿಲ್ಲ. ಇಂಥ ಕಡೆ ಗಂಟಲೂ ಮೈಯೂ ಸೇರಿ ಮಾತಾಡಬೇಕು.

ಇದನ್ನು ಬಹಳ ಚೆನ್ನಾಗಿ ಅರಿತಿದ್ದವನು ಗೈಯಸ್ ಗ್ರಾಕಸ್. ಅವನ ಅಣ್ಣ ಟೈಬೀರಿಯಸ್ ಬಡ ರೈತರಿಗೆ ಸರ್ಕಾರಿ ಜಮೀನು ಹಂಚುವ ಕಾನೂನು ತಂದಿದ್ದ. ಕ್ರಿ.ಪೂ. 133ರಲ್ಲಿ ಸೆನೆಟಿನ, ಅಂದರೆ ದೊಡ್ಡ ಮನೆತನದ ಹಿರಿಯರ ಸಭೆಯ, ಕೆಲವರು ಗುಂಪು ಕಟ್ಟಿಕೊಂಡು ಬಂದು ಕ್ಯಾಪಿಟಲ್ ಗುಡ್ಡದ ಮೇಲೆ ಅವನನ್ನು ಹೊಡೆದು ಕೊಂದರು. ಹತ್ತು ವರ್ಷದ ಮೇಲೆ ತಮ್ಮ ಅದೇ ದಾರಿ ಹಿಡಿದ. ಕಟ್ಟೆಯ ಮೇಲೆ ಅತ್ತಿಂದಿತ್ತ ಓಡಾಡಿ, ಮೈಗೆ ಸುತ್ತಿಕೊಳ್ಳುವ ಟೋಗಾ ಅನ್ನುವ ಬಟ್ಟೆಯನ್ನು ಹೆಗಲಿನಿಂದ ಜಾರಿಸಿ ಮಾತಾಡಿದವರಲ್ಲಿ ಇವನೇ ಮೊದಲಿಗ ಎಂದು ಗ್ರೀಕ್ ಬರಹಗಾರ ಪ್ಲೂಟಾರ್ಕ್ ಬರೆಯುತ್ತಾನೆ. ಅದುವರೆಗೆ ದೊಡ್ಡ ಮನುಷ್ಯರು ನಿಂತಲ್ಲೇ ನಿಂತು, ಗಂಭೀರವಾಗಿ ಮಾತಾಡುತ್ತಿದ್ದರು.

ಗೈಯಸ್ ಮಾತಾಡುವಾಗ ಹಿಂದೆ ಒಬ್ಬ ಮರೆಯಲ್ಲಿ ನಿಂತಿರುತ್ತಿದ್ದ. ಕೈಯಲ್ಲಿ ದಂತದ ಪುಟ್ಟ ಕೊಳಲು. ಯಜಮಾನನ ದನಿ ಸಿಟ್ಟಿನಲ್ಲಿ ತಾರಕಕ್ಕೆ ಹೋದರೆ ಮೆಲುವಾದ ಒಂದು ಸ್ವರ ಊದುತ್ತಿದ್ದ. ದನಿ ಕೆಳಗಿಳಿಯುತ್ತಿತ್ತು. ತೀರಾ ಬಿದ್ದು ಹೋದರೆ ಎತ್ತುವ ಸ್ವರ ಕೊಡುತ್ತಿದ್ದ. ನಮ್ಮ ಹಾಡುಗಾರರಿಗೆ ಹಿಂದೆ ಕೂತು ಶ್ರುತಿ ಹಿಡಿಯುತ್ತಾರಲ್ಲ, ಹಾಗೆ. ಸಿಸೆರೊನ ಪುಸ್ತಕವೊಂದರಲ್ಲಿ ಇದರ ಬಗ್ಗೆ ಸೊಗಸಾದ ಮಾತಿದೆ: ಕೊಳಲೂದುವವನನ್ನು ಮನೆಯಲ್ಲೇ ಬಿಟ್ಟು ಬನ್ನಿ, ಆ ಅಭ್ಯಾಸದ ಅರಿವನ್ನು ಮಾತ್ರ ಫೋರಮ್ಮಿಗೆ ತನ್ನಿ.

ಇನ್ನೊಂದು ಸಣ್ಣ ಬದಲಾವಣೆ ನಡೆಯಿತು. ಮೊದಲು ಕಟ್ಟೆ ಹತ್ತಿದವರು ಸೆನೆಟಿನ ಕಟ್ಟಡದ ಕಡೆಗೆ ಮುಖ ಮಾಡಿ ಮಾತಾಡುತ್ತಿದ್ದರಂತೆ. ಗೈಯಸ್ ಅದಕ್ಕೆ ಬೆನ್ನು ಹಾಕಿ ಬಯಲಿನ ಕಡೆ, ಜನರ ಕಡೆ ತಿರುಗಿದ. ಇದು ಪ್ಲೂಟಾರ್ಕ್ ಹೇಳುವುದು. ಸಿಸೆರೊ ಮಾತ್ರ ಕ್ರಿ.ಪೂ. 145ರಲ್ಲಿ ಟ್ರಿಬ್ಯೂನ್ (ಜನಸಾಮಾನ್ಯರ ಪರವಾದ ಅಧಿಕಾರಿ) ಆಗಿದ್ದ ಇನ್ನೊಬ್ಬನ ಹೆಸರು ಹೇಳುತ್ತಾನೆ. ಯಾರೇ ತಿರುಗಿರಲಿ, ಒಂದು ಹೆಜ್ಜೆ ತಿರುಗಿದ್ದಕ್ಕೆ ರಾಜ್ಯದ ಅಧಿಕಾರವೇ ಶ್ರೀಮಂತರಿಂದ ಜನರ ಕಡೆ ಸರಿದಂತಾಯಿತು ಎಂದು ಪ್ಲೂಟಾರ್ಕ್‌ಗೆ ಅನಿಸಿದೆ. ನನಗೂ ಹಾಗೇ ಅನಿಸುತ್ತದೆ.

ಗೈಯಸ್ ಕೊನೆಯ ದಿನಗಳಲ್ಲಿ ಆಡಿದ ಕೆಲವು ಸಾಲು ಉಳಿದಿವೆ. 'ಎಲ್ಲಿಗೆ ಹೋಗಲಿ ನಾನು? ಯಾವ ಕಡೆ ತಿರುಗಲಿ? ಕ್ಯಾಪಿಟಲ್ಲಿಗೋ? ಅದು ನನ್ನ ಅಣ್ಣನ ರಕ್ತದಲ್ಲಿ ತೊಯ್ದಿದೆ. ಮನೆಗೋ? ನನ್ನ ತಾಯಿ ಗೋಳಾಡುತ್ತ ಬಿದ್ದಿರುವುದನ್ನು ನೋಡುವುದಕ್ಕೋ?' ಕಣ್ಣು, ದನಿ, ಕೈ ಮೂರೂ ಸೇರಿ ಹೇಗೆ ಬಂತು ಅಂದರೆ ಅವನ ವೈರಿಗಳೇ ಅತ್ತರಂತೆ. ಈ ಸಾಲುಗಳನ್ನು ಒಮ್ಮೆ ಜೋರಾಗಿ ಓದಿ ನೋಡಿ. ಪ್ರತಿ ಪ್ರಶ್ನೆಗೂ ಒಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ಕ್ರಿ.ಪೂ. 121ರಲ್ಲಿ ಅವನೂ ಸತ್ತ.

ಈಗ ಕಲಿಕೆಯ ವಿಷಯ. ಒಳ್ಳೆ ಮನೆತನದ ಹುಡುಗರು ಹದಿಹರೆಯದಲ್ಲಿ ಒಬ್ಬ ಹಿರಿಯ ಭಾಷಣಕಾರನ ಹಿಂದೆ ಫೋರಮ್ಮಿಗೆ ಹೋಗುತ್ತಿದ್ದರು. ಅವನು ಮಾತಾಡುವುದನ್ನು ನೋಡುತ್ತ ನೋಡುತ್ತ ಕಲಿಯುತ್ತಿದ್ದರು. ಗ್ರೀಸಿನಿಂದ ಶಾಸ್ತ್ರವಾಗಿ ಈ ವಿದ್ಯೆ ಬಂದಾಗ ಹಿರಿಯರಿಗೆ ಹಿಡಿಸಲಿಲ್ಲ. ಕ್ರಿ.ಪೂ. 161ರಲ್ಲಿ ಸೆನೆಟ್ ಗ್ರೀಕ್ ತತ್ತ್ವಜ್ಞಾನಿಗಳನ್ನೂ ಭಾಷಣದ ಮೇಷ್ಟ್ರುಗಳನ್ನೂ ಊರು ಬಿಡಿಸಿತು. 155ರಲ್ಲಿ ಅಥೆನ್ಸಿನ ರಾಯಭಾರಿಯಾಗಿ ತತ್ತ್ವಜ್ಞಾನಿ ಕಾರ್ನಿಯಡೀಸ್ ಬಂದ. ಒಂದು ದಿನ ನ್ಯಾಯದ ಪರವಾಗಿ ಮಾತಾಡಿದ, ಮರುದಿನ ಅಷ್ಟೇ ಗಟ್ಟಿಯಾಗಿ ಅದರ ವಿರುದ್ಧ ಮಾತಾಡಿದ. ಹುಡುಗರು ಮರುಳಾದರು. ಮುದುಕ ಕೇಟೊ ಇವರ ಕೆಲಸ ಬೇಗ ಮುಗಿಸಿ ಕಳಿಸಿಬಿಡಿ ಎಂದು ಸೆನೆಟಿಗೆ ಹೇಳಿದ. 'ವಿಷಯ ಹಿಡಿ, ಮಾತು ತಾನಾಗಿ ಬರುತ್ತದೆ' ಅನ್ನುವವನು ಅವನು.

ಕ್ರಿ.ಪೂ. 92ರ ಘಟನೆ ಇನ್ನೂ ಕುತೂಹಲದ್ದು. ಆ ಹೊತ್ತಿಗೆ ದೊಡ್ಡವರ ಮಕ್ಕಳೆಲ್ಲ ಗ್ರೀಕಿನಲ್ಲಿ ಇದನ್ನು ಕಲಿಯುತ್ತಿದ್ದರು. ಕೆಲವು ಮೇಷ್ಟ್ರುಗಳು ಲ್ಯಾಟಿನ್ನಿನಲ್ಲೇ, ಅಂದರೆ ಮನೆಮಾತಿನಲ್ಲೇ ಕಲಿಸಲು ಶುರು ಮಾಡಿದರು. ಆಗ ಇಬ್ಬರು ಸೆನ್ಸರ್‌ಗಳು, ಅಂದರೆ ಜನಗಣತಿಯನ್ನೂ ಜನರ ನಡತೆಯನ್ನೂ ನೋಡಿಕೊಳ್ಳುವ ಅಧಿಕಾರಿಗಳು, ಆಜ್ಞೆ ಹೊರಡಿಸಿದರು. ಹುಡುಗರು ಅಲ್ಲಿ ದಿನವೆಲ್ಲ ಸೋಮಾರಿಗಳಾಗಿ ಕೂರುತ್ತಾರೆ, ಹಿರಿಯರ ಪದ್ಧತಿಗೆ ಇದು ಹೊರತು, ನಮಗೆ ಇದು ಒಪ್ಪಿಗೆಯಿಲ್ಲ ಅಂತ. ಅವರಲ್ಲಿ ಒಬ್ಬ ಲೂಸಿಯಸ್ ಕ್ರಾಸಸ್. ಆ ಕಾಲದ ಅತಿ ದೊಡ್ಡ ಭಾಷಣಕಾರ, ಸ್ವತಃ ಗ್ರೀಕ್ ಬಲ್ಲವನು! ಗ್ರೀಕ್ ಕಲಿಯಲು ಹಣ, ಬಿಡುವು, ಮನೆಯಲ್ಲಿ ಗ್ರೀಕ್ ಗುಲಾಮ ಎಲ್ಲ ಬೇಕು. ಲ್ಯಾಟಿನ್ನಿನಲ್ಲಿ ಕಲಿಸಿದರೆ ಅಂಗಡಿಯವನ ಮಗನೂ ಕಲಿತುಬಿಡುತ್ತಾನೆ. ಸೋಮಾರಿತನದ ಮಾತಿನ ಹಿಂದೆ ಈ ಹೆದರಿಕೆ ಇತ್ತು ಎಂದೇ ನಾನು ಓದಿಕೊಳ್ಳುತ್ತೇನೆ. ಕಟ್ಟೆಗೆ ಬೇಲಿ ಹಾಕುವ ಒಂದು ದಾರಿ ಶಾಲೆಗೆ ಬೀಗ ಹಾಕುವುದು.

ಸಿಸೆರೊ ಹುಟ್ಟಿದ್ದು ಕ್ರಿ.ಪೂ. 106ರಲ್ಲಿ, ಅರ್ಪಿನಂ ಅನ್ನುವ ಊರಿನಲ್ಲಿ. ದುಡ್ಡಿಗೆ ಕೊರತೆ ಇರಲಿಲ್ಲ. ಆದರೆ ವಂಶದಲ್ಲಿ ಯಾರೂ ಕಾನ್ಸಲ್, ಅಂದರೆ ವರ್ಷಕ್ಕಿಬ್ಬರಂತೆ ಆರಿಸುವ ಅತಿ ದೊಡ್ಡ ಅಧಿಕಾರಿ, ಆದವರಲ್ಲ. ಯುದ್ಧ ಗೆದ್ದ ಹೆಸರೂ ಇಲ್ಲ. ಇದ್ದದ್ದು ಬಾಯಿ ಒಂದೇ. ಅದೂ ಮೊದಮೊದಲು ಕೈಕೊಟ್ಟಿತು. ತೆಳ್ಳನೆ ಮೈ, ಸಣಕಲು ಕತ್ತು. ಏರಿಳಿತವೇ ಇಲ್ಲದೆ, ಇಡೀ ಮೈ ಬಿಗಿಹಿಡಿದು ಒಂದೇ ಸಮನೆ ಕಿರುಚುತ್ತಿದ್ದೆ ಎಂದು ಅವನೇ ಬರೆದುಕೊಂಡಿದ್ದಾನೆ. ಕೋರ್ಟು ಬಿಟ್ಟುಬಿಡು, ಪ್ರಾಣಕ್ಕೆ ಅಪಾಯ ಎಂದು ವೈದ್ಯರೂ ಗೆಳೆಯರೂ ಹೇಳಿದರು. ಅವನು ಬಿಡಲಿಲ್ಲ. ಅಥೆನ್ಸಿಗೆ, ಏಷ್ಯಾ ಮೈನರಿಗೆ, ಕೊನೆಗೆ ರೋಡ್ಸ್ ದ್ವೀಪಕ್ಕೆ ಹೋದ. ಅಲ್ಲಿ ಮೊಲೊನ್ ಅನ್ನುವ ಗುರು ಅವನ ಅತಿರೇಕವನ್ನೆಲ್ಲ ಕಡಿದು ಹಾಕಿದ. ಎರಡು ವರ್ಷದ ಮೇಲೆ ವಾಪಸ್ ಬಂದಾಗ ದನಿ ಇಳಿದಿತ್ತು, ಎದೆಗೆ ಬಲ ಬಂದಿತ್ತು, ಮೈಯೂ ತುಸು ತುಂಬಿಕೊಂಡಿತ್ತು.

ಕ್ರಿ.ಪೂ. 70ರಲ್ಲಿ ಅವನು ವೆರೆಸ್ ಮೇಲೆ ಕೇಸು ನಡೆಸಿದ. ಮೂರು ವರ್ಷ ಸಿಸಿಲಿಯ ಗವರ್ನರ್ ಆಗಿ ಆ ದ್ವೀಪವನ್ನು ದೋಚಿದವನು ವೆರೆಸ್. ಅವನ ಪರ ವಕೀಲ ಹೊರ್ಟೆನ್ಸಿಯಸ್, ಆಗಿನ ಕೋರ್ಟಿನ ರಾಜ, ಮುಂದಿನ ವರ್ಷಕ್ಕೆ ಕಾನ್ಸಲ್ ಆಗಿ ಆಯ್ಕೆಯಾದವನು. ಇವರ ಉಪಾಯ ಸರಳ. ಕೇಸನ್ನು ಮುಂದಿನ ವರ್ಷದವರೆಗೆ ಎಳೆಯಬೇಕು. ಸಿಸೆರೊ 50 ದಿನದಲ್ಲಿ ಸಿಸಿಲಿ ಸುತ್ತಿ ಸಾಕ್ಷಿ, ಲೆಕ್ಕಪತ್ರ ಕೂಡಿಸಿಕೊಂಡು ಬಂದ. ವಿಚಾರಣೆಯ ದಿನ ಎಲ್ಲರೂ ಉದ್ದನೆಯ ಭಾಷಣ ಕಾಯುತ್ತಿದ್ದರೆ ಅವನು ಚಿಕ್ಕದಾಗಿ ಮಾತು ಮುಗಿಸಿ ನೇರವಾಗಿ ಸಾಕ್ಷಿಗಳನ್ನು ಕರೆದ. ಒಬ್ಬರ ಮೇಲೊಬ್ಬರು ಬಂದರು. ತೀರ್ಪಿಗೆ ಕಾಯದೆ ವೆರೆಸ್ ಊರು ಬಿಟ್ಟು ಮಸ್ಸಿಲಿಯಾಕ್ಕೆ, ಅಂದರೆ ಈಗಿನ ಮಾರ್ಸೇಗೆ, ಓಡಿದ.

ಭಾಷಣಕಾರನ ದೊಡ್ಡ ಗೆಲುವು ಬಂದದ್ದು ಅವನು ಭಾಷಣ ಮಾಡದೆ ಬಿಟ್ಟಾಗ. ಮಿಕ್ಕ ಭಾಷಣವನ್ನು ಅವನು ಐದು ಭಾಗಗಳಲ್ಲಿ ಬರೆದು ಹೊರತಂದ. ಗವಿಯಸ್ ಅನ್ನುವವನ ಕತೆ ಅದರಲ್ಲೇ ಬರುವುದು. ಮೆಸ್ಸಾನಾ ಊರಿನ ಚೌಕದಲ್ಲಿ ಅವನಿಗೆ ಚಾಟಿಯೇಟು ಬೀಳುತ್ತಿದೆ. ಪ್ರತಿ ಏಟಿಗೂ ಅವನ ಬಾಯಲ್ಲಿ ಒಂದೇ ಮಾತು: 'ನಾನು ರೋಮಿನ ಪ್ರಜೆ.' ರೋಮಿನ ಪ್ರಜೆಯನ್ನು ಹೊಡೆಯುವ ಹಾಗಿಲ್ಲ. ವೆರೆಸ್ ಅವನನ್ನು ಶಿಲುಬೆಗೇರಿಸಿದ. ಅದೂ ಇಟಲಿ ಕಣ್ಣಿಗೆ ಕಾಣುವಂತೆ, ಕಡಲ ದಂಡೆಯಲ್ಲಿ. ಎರಡು ಸಾವಿರ ವರ್ಷದಿಂದ ಹುಡುಗರು ಬಾಯಿಪಾಠ ಮಾಡಿದ ಈ ಭಾಗವನ್ನು ಸಿಸೆರೊ ಯಾವ ಕೋರ್ಟಿನಲ್ಲೂ ಬಾಯಿಬಿಟ್ಟು ಹೇಳಲಿಲ್ಲ.

ನಿಮ್ಮಲ್ಲಿ ವೇದಿಕೆ ಹತ್ತಿದರೆ ಕಾಲು ನಡುಗುವವರು ಇದ್ದರೆ ಕೇಳಿ. ಮಾತು ಶುರು ಮಾಡುವಾಗಲೆಲ್ಲ ನನಗೆ ಬಹಳ ಭಯ ಎಂದು ಸಿಸೆರೊ ನ್ಯಾಯಾಧೀಶರ ಮುಂದೆಯೇ ಹೇಳಿದ್ದಾನೆ. ಕ್ರಿ.ಪೂ. 52ರಲ್ಲಿ ಆ ಭಯ ಅವನನ್ನು ಗೆದ್ದಿತು. ಗೆಳೆಯ ಮೈಲೊ ಮೇಲೆ ಕೊಲೆ ಕೇಸು. ಫೋರಮ್ ಸುತ್ತ ಸೇನಾಪತಿ ಪಾಂಪಿಯ ಸೈನಿಕರು, ಎದುರಿಗೆ ಸತ್ತವನ ಕಡೆಯವರ ಬೊಬ್ಬೆ. ಸಿಸೆರೊಗೆ ಮಾತು ಸರಿಯಾಗಿ ಹೊರಡಲಿಲ್ಲ. 38 ಮತ ವಿರುದ್ಧ, 13 ಪರ. ಮೈಲೊ ಗಡೀಪಾರಾಗಿ ಹೋದದ್ದೂ ಅದೇ ಮಸ್ಸಿಲಿಯಾಕ್ಕೆ. ಆಮೇಲೆ ಸಿಸೆರೊ ಭಾಷಣವನ್ನು ಚೆನ್ನಾಗಿ ತಿದ್ದಿ ಬರೆದು ಅವನಿಗೆ ಕಳಿಸಿದ. ಇದನ್ನೇ ಅವತ್ತು ಹೇಳಿದ್ದರೆ ಇಲ್ಲಿನ ಇಷ್ಟು ಒಳ್ಳೆ ಮೀನು ನನಗೆ ತಪ್ಪಿಹೋಗುತ್ತಿತ್ತು ಎಂದು ಮೈಲೊ ಉತ್ತರ ಬರೆದನಂತೆ.

ಕೋರ್ಟಿನ ಮಾತು ಬಂದಿದ್ದಕ್ಕೆ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ರೋಮಿನ ವಿಚಾರಣೆ ಬಯಲಿನಲ್ಲಿ, ನೂರಾರು ಜನರ ಎದುರು. ಆರೋಪಿ ಕೊಳಕು ಬಟ್ಟೆ ಹಾಕಿ, ಗಡ್ಡ ಬಿಟ್ಟು ಬರುತ್ತಿದ್ದ. ಹೆಂಡತಿ, ಮಕ್ಕಳು, ಮುದಿ ತಂದೆತಾಯಿಯನ್ನು ಮುಂದೆ ತಂದು ನಿಲ್ಲಿಸುತ್ತಿದ್ದರು. ಮಾರ್ಕಸ್ ಆಂಟೋನಿಯಸ್ ಅನ್ನುವ ಹಳೆಯ ವಕೀಲ ಒಬ್ಬ ಮಾಜಿ ಸೇನಾಪತಿಯನ್ನು ಎಬ್ಬಿಸಿ ನಿಲ್ಲಿಸಿ, ಅವನ ಅಂಗಿ ಹರಿದು ಎದೆಯ ಮೇಲಿನ ಯುದ್ಧದ ಗಾಯ ತೋರಿಸಿ ಬಿಡಿಸಿಕೊಂಡ. ಸಿಸೆರೊ ಎಳೆ ಮಗುವನ್ನು ಎತ್ತಿಕೊಂಡೇ ಒಂದು ವಾದ ಮುಗಿಸಿದ್ದ. ಇದು ಯಾವಾಗಲೂ ಫಲಿಸುತ್ತಿರಲಿಲ್ಲ. ಒಬ್ಬ ವಕೀಲ ಅಳುವ ಹುಡುಗನನ್ನು ಮುಂದೆ ತಂದು 'ಯಾಕಪ್ಪ ಅಳುತ್ತೀಯ?' ಎಂದು ಕೇಳಿದ. ತಂದೆಯ ಗತಿ ನೆನೆದು ಅಳುತ್ತೇನೆ ಅನ್ನಬೇಕಿತ್ತು ಹುಡುಗ. 'ಮೇಷ್ಟ್ರು ಚಿವುಟುತ್ತಿದ್ದಾರೆ' ಅಂದುಬಿಟ್ಟ. ಇದನ್ನು ದಾಖಲಿಸಿದವನು ಮುಂದಿನ ಶತಮಾನದ ಭಾಷಣದ ಮೇಷ್ಟ್ರು ಕ್ವಿಂಟಿಲಿಯನ್. ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿರದ ವಕೀಲರಿಗೆ ಪಾಠವಾಗಿ ಅವನು ಇದನ್ನು ಹೇಳುತ್ತಾನೆ.

ಇದೇ ಕ್ವಿಂಟಿಲಿಯನ್ ಕೈ ಎಷ್ಟು ಎತ್ತಬೇಕು ಅನ್ನುವುದನ್ನೂ ಬರೆದಿಟ್ಟಿದ್ದಾನೆ. ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ಎದೆಗಿಂತ ಕೆಳಗೆ ಇಳಿಯಬಾರದು. ಎಡಗೈ ಒಂದೇ ಯಾವತ್ತೂ ಅಭಿನಯ ಮಾಡಬಾರದು, ಅದು ಬಲಗೈಗೆ ಜೊತೆ ಕೊಡಬೇಕು ಅಷ್ಟೇ. ಟೋಗಾ ಶುರುವಿನಲ್ಲಿ ಒಪ್ಪವಾಗಿರಬೇಕು. ಕೊನೆ ಕೊನೆಗೆ ಜಾರಿದರೂ ಪರವಾಗಿಲ್ಲ, ಬೆವರು ಕಂಡರೂ ಒಳ್ಳೆಯದೇ. ಹೊರ್ಟೆನ್ಸಿಯಸ್ ಅಂತೂ ಕನ್ನಡಿ ಮುಂದೆ ನಿಂತು ಟೋಗಾದ ನೆರಿಗೆ ಜೋಡಿಸಿಕೊಳ್ಳುತ್ತಿದ್ದ.

ಹೊರ್ಟೆನ್ಸಿಯಸ್ ಹೆಸರು ಮತ್ತೆ ಎತ್ತಿದ್ದಕ್ಕೆ ಕಾರಣ ಅವನ ಮಗಳು. ಅವಳ ಬಗ್ಗೆ ನಿಧಾನವಾಗಿ ಹೇಳಬೇಕು. ಕ್ರಿ.ಪೂ. 42. ಸೀಸರ್‌ನನ್ನು ಕೊಂದವರ ಮೇಲಿನ ಯುದ್ಧಕ್ಕೆ ಆಗ ಅಧಿಕಾರ ಹಿಡಿದಿದ್ದ ಆಂಟನಿ, ಆಕ್ಟೇವಿಯನ್, ಲೆಪಿಡಸ್ ಮೂವರಿಗೂ ಹಣ ಬೇಕು. 1,400 ಶ್ರೀಮಂತ ಹೆಂಗಸರ ಪಟ್ಟಿ ಮಾಡಿ ಆಸ್ತಿ ಲೆಕ್ಕ ಕೊಡಿ, ತೆರಿಗೆ ಕಟ್ಟಿ ಎಂದರು. ಅದರ ಹಿಂದಿನ ತಿಂಗಳುಗಳಲ್ಲಿ ಈ ಮೂವರೇ ಪಟ್ಟಿ ಹಾಕಿ ನೂರಾರು ಜನರನ್ನು ಕೊಲ್ಲಿಸಿದ್ದರು. ಅವರೆದುರು ಬಾಯಿ ತೆರೆಯುವ ಗಂಡಸು ಸಿಗಲಿಲ್ಲ. ಹೆಂಗಸರು ಮೊದಲು ಆ ಮೂವರ ಮನೆಯ ಹೆಂಗಸರ ಹತ್ತಿರ ಹೋದರು. ಆಕ್ಟೇವಿಯನ್‌ನ ಅಕ್ಕ, ಆಂಟನಿಯ ತಾಯಿ ಮರ್ಯಾದೆಯಿಂದ ಕಂಡರು. ಆಂಟನಿಯ ಹೆಂಡತಿ ಫುಲ್ವಿಯಾ ಬಾಗಿಲಿನಿಂದಲೇ ಅಟ್ಟಿದಳು. ಅಲ್ಲಿಂದ ಅವರು ನೇರವಾಗಿ ಫೋರಮ್ಮಿಗೆ ನಡೆದರು. ಜನ ದಾರಿ ಬಿಟ್ಟರು, ಕಾವಲಿನವರೂ ಬಿಟ್ಟರು. ಮೂವರೂ ಕೂತಿದ್ದ ಪೀಠದ ಮುಂದೆ ಹೊರ್ಟೆನ್ಸಿಯಾ ಎಲ್ಲರ ಪರವಾಗಿ ಮಾತಾಡಿದಳು.

ಅಪ್ಪಿಯನ್ ಅನ್ನುವ ಇತಿಹಾಸಕಾರ ಆ ಭಾಷಣವನ್ನು ತನ್ನ ಮಾತಿನಲ್ಲಿ ಕೊಟ್ಟಿದ್ದಾನೆ. ಅದರ ಹುರುಳು ಹೀಗೆ. ನಮ್ಮ ತಂದೆಯರನ್ನು, ಗಂಡಂದಿರನ್ನು, ಮಕ್ಕಳನ್ನು ಈಗಾಗಲೇ ಕಿತ್ತುಕೊಂಡಿದ್ದೀರಿ. ಆಸ್ತಿಯನ್ನೂ ಕಿತ್ತುಕೊಂಡರೆ ನಮ್ಮ ಗತಿಯೇನು? ನಾವು ನಿಮ್ಮನ್ನು ದೇಶದ್ರೋಹಿಗಳು ಎಂದು ಸಾರಿದೆವೇ? ನಿಮ್ಮ ಮೇಲೆ ಸೈನ್ಯ ತಂದೆವೇ? ಅಧಿಕಾರ, ಗೌರವ, ಸೇನೆ, ರಾಜ್ಯಭಾರ ಯಾವುದರಲ್ಲೂ ನಮಗೆ ಪಾಲಿಲ್ಲ. ಪಾಲಿಲ್ಲದ ಮೇಲೆ ತೆರಿಗೆ ಯಾಕೆ ಕಟ್ಟಬೇಕು? ಹೊರಗಿನ ಶತ್ರು ಬಂದರೆ ಕೊಡುತ್ತೇವೆ, ನಮ್ಮವರ ಮೇಲೆ ನೀವು ಮಾಡುವ ಯುದ್ಧಕ್ಕೆ ಕೊಡುವುದಿಲ್ಲ.

ಮೂವರಿಗೂ ಸಿಟ್ಟು ಬಂತು. ಗಂಡಸರು ಬಾಯಿ ಮುಚ್ಚಿಕೊಂಡಿರುವಾಗ ಹೆಂಗಸರು ಸಭೆ ಸೇರುವುದೇ ಎಂದು ಅಟ್ಟಲು ಹೇಳಿದರು. ಹೊರಗಿದ್ದ ಜನ ಕೂಗೆಬ್ಬಿಸಿದರು. ಅಟ್ಟಲು ಬಂದವರ ಕೈ ನಿಂತಿತು. ಮರುದಿನ ಪಟ್ಟಿ 1,400ರಿಂದ 400ಕ್ಕೆ ಇಳಿಯಿತು. ಕಟ್ಟೆ ಹತ್ತುವ ಹಕ್ಕಿಲ್ಲದವಳ ಒಂದು ಭಾಷಣ, ಮತದ ಹಕ್ಕಿಲ್ಲದವರೂ ಸೇರಿದ್ದ ಗುಂಪಿನ ಒಂದು ಕೂಗು. ನನ್ನನ್ನು ಕೇಳಿದರೆ ರೋಮಿನ ಯಾವ ಭಾಷಣಕ್ಕೂ ಇದು ಕಡಿಮೆಯಿಲ್ಲ. ನೂರಾ ಮೂವತ್ತು ವರ್ಷದ ಮೇಲೂ ಅದರ ಮೂಲ ಪ್ರತಿ ಓದಲು ಸಿಗುತ್ತಿತ್ತು. ಹೆಣ್ಣು ಅನ್ನುವ ಮರ್ಯಾದೆಗೆ ಮಾತ್ರ ಇದನ್ನು ಓದುತ್ತಿಲ್ಲ ಎಂದು ಕ್ವಿಂಟಿಲಿಯನ್ ಹೇಳುತ್ತಾನೆ. ಆಮೇಲೆ ಕಳೆದುಹೋಯಿತು.

ಅದರ ಹಿಂದಿನ ಡಿಸೆಂಬರಿನಲ್ಲಿ ಇದೇ ಫೋರಮ್ಮಿನಲ್ಲಿ ಏನಾಗಿತ್ತು ಗೊತ್ತಲ್ವಾ? ಸೀಸರ್ ಸತ್ತ ಮೇಲೆ ಸಿಸೆರೊ ಆಂಟನಿಯ ವಿರುದ್ಧ 14 ಭಾಷಣ ಬರೆದಿದ್ದ. ಕ್ರಿ.ಪೂ. 43, ಡಿಸೆಂಬರ್ 7ರಂದು ಆಂಟನಿಯ ಆಳುಗಳು ಅವನನ್ನು ಹಿಡಿದು ಕೊಂದರು. ತಲೆಯನ್ನೂ ಭಾಷಣ ಬರೆದ ಕೈಯನ್ನೂ ತಂದು ರೋಸ್ಟ್ರಾದ ಮೇಲೆ ಇಟ್ಟರು. 'ಮಾತು ಬಲ್ಲವನಿಗೆ ಜಗಳವಿಲ್ಲ' ಅನ್ನುತ್ತೇವೆ ನಾವು. ಆ ಕಟ್ಟೆಯ ಮೇಲೆ ಮಾತು ಬಲ್ಲವರಿಗೇ ಜಗಳ ಜಾಸ್ತಿ.

ಆಮೇಲೆ ಚಕ್ರವರ್ತಿಗಳು ಬಂದರು. ಕ್ರಿ.ಶ. 14ರಲ್ಲಿ ಅಧಿಕಾರಿಗಳ ಚುನಾವಣೆಯನ್ನು ಜನರಿಂದ ತೆಗೆದು ಸೆನೆಟಿಗೆ ಕೊಟ್ಟರು. ಒಲಿಸಬೇಕಾದವನು ಒಬ್ಬನೇ ಉಳಿದ. ಆದರೆ ಭಾಷಣದ ಶಾಲೆಗಳು ಮುಚ್ಚಲಿಲ್ಲ. ಇನ್ನೂ ಬೆಳೆದವು. ವೆಸ್ಪಾಸಿಯನ್ ಚಕ್ರವರ್ತಿ ಭಾಷಣದ ಮೇಷ್ಟ್ರಿಗೆ ಖಜಾನೆಯಿಂದ ವರ್ಷಕ್ಕೆ 1,00,000 ಸೆಸ್ಟರ್ಸ್ (ರೋಮಿನ ನಾಣ್ಯ) ಸಂಬಳ ಕೊಟ್ಟ. ಕ್ವಿಂಟಿಲಿಯನ್ ಹಾಗೆ ನೇಮಕವಾದವನೇ. ಅದೇ ಕಾಲದ ಸಿಪಾಯಿಗೆ ವರ್ಷಕ್ಕೆ 900. ಒಂದು ಕಾಲದಲ್ಲಿ ಬೀಗ ಹಾಕಿಸಿಕೊಂಡಿದ್ದ ಶಾಲೆಗೆ ಈಗ ಸರ್ಕಾರವೇ ದುಡ್ಡು ಕೊಡುತ್ತಿದೆ. ಅಲ್ಲಿ ಕಲಿತ ಮಾತಿನಿಂದ ಕಾನೂನು ಬದಲಾಗುವ ಹೆದರಿಕೆ ಈಗ ಇಲ್ಲವಲ್ಲ!

ಕೋರ್ಟಿನ ಚಿತ್ರ ಕಿರಿಯ ಪ್ಲಿನಿಯ ಪತ್ರಗಳಲ್ಲಿ ಸಿಗುತ್ತದೆ. ಅವನು ಒಳ್ಳೆ ವಕೀಲ. ಟ್ರಾಜನ್ ಚಕ್ರವರ್ತಿಯ ಎದುರಿಗೇ ಐದು ಗಂಟೆ ಹತ್ತಿರ ಮಾತಾಡಿದವನು. ಅವನಿಗೆ ಬೇಸರ ತಂದದ್ದು ಬಾಡಿಗೆ ಚಪ್ಪಾಳೆ. ನಿನ್ನೆ ನನ್ನ ಮನೆಯ ಇಬ್ಬರು ಆಳುಗಳನ್ನೇ ತಲೆಗೆ ಮೂರು ಡಿನೇರಿಯಸ್ ಬೆಳ್ಳಿ ನಾಣ್ಯ ಕೊಟ್ಟು ಹೊಗಳಲು ಕರೆದೊಯ್ದರು ಎಂದು ಬರೆಯುತ್ತಾನೆ. ಒಬ್ಬ ಸನ್ನೆ ಮಾಡುತ್ತಾನೆ, ಉಳಿದವರು ಕೂಗುತ್ತಾರೆ. ಮಾತು ಅವರಿಗೆ ಅರ್ಥವೂ ಆಗುವುದಿಲ್ಲ, ಕೇಳಿಸುವುದೂ ಇಲ್ಲ. ಕೋರ್ಟಿನ ಹೊರಗೆ ಹೋಗುವಾಗ ಯಾರಿಗೆ ಜಾಸ್ತಿ ಹೊಗಳಿಕೆ ಕೇಳುತ್ತದೋ ಅವನೇ ಎಲ್ಲರಿಗಿಂತ ಕೆಟ್ಟದಾಗಿ ಮಾತಾಡುತ್ತಿದ್ದಾನೆ ಎಂದು ತಿಳಿಯಿರಿ ಅನ್ನುತ್ತಾನೆ. ಕೊಂಟಿಯೊದ ಗದ್ದಲ ಎಷ್ಟೇ ಒರಟಾಗಿರಲಿ, ಅದು ಕೇಳಿದವರ ಗದ್ದಲವಾಗಿತ್ತು.

ಶಾಲೆಯಲ್ಲಿ ಏನು ನಡೆಯುತ್ತಿತ್ತು? ನಿಮ್ಮಲ್ಲಿ ಚರ್ಚಾಸ್ಪರ್ಧೆಗೆ ಹೋಗುವವರಿಗೆ ಇದು ಗೊತ್ತಿರುವ ಆಟ. ಒಂದು ವಿಷಯ ಕೊಡುತ್ತಾರೆ, ಪರ ಅಥವಾ ವಿರೋಧ ಹಿಡಿದು ಮಾತಾಡಬೇಕು. ಮೊದಲ ಚಕ್ರವರ್ತಿಗಳ ಕಾಲದ ಬರಹಗಾರ ಹಿರಿಯ ಸೆನೆಕಾ ಅಂಥ ವಿಷಯಗಳನ್ನೂ ಯಾರು ಏನು ಹೇಳಿದರು ಅನ್ನುವುದನ್ನೂ ಮುಪ್ಪಿನಲ್ಲಿ ನೆನಪಿನಿಂದ ಬರೆಸಿಟ್ಟಿದ್ದಾನೆ. ಕಡಲ್ಗಳ್ಳರು, ಸರ್ವಾಧಿಕಾರಿಗಳು, ಮಲತಾಯಿಯರು ತುಂಬಿದ ವಿಷಯಗಳು. ಫೋರಮ್ಮಿನಲ್ಲಿ ಎಂದೂ ಎದುರಾಗದ ಕೇಸುಗಳು ಎಂದು ಅನೇಕರು ಆಗಲೇ ಬೈದಿದ್ದರು. ಆ ಪಟ್ಟಿಯಲ್ಲಿ ಒಂದು ವಿಷಯ ಹೀಗಿದೆ: ಬರೆದದ್ದನ್ನೆಲ್ಲ ಸುಟ್ಟುಹಾಕಿದರೆ ಜೀವ ಉಳಿಸುತ್ತೇನೆ ಎಂದು ಆಂಟನಿ ಮಾತು ಕೊಟ್ಟಿದ್ದಾನೆ, ಸಿಸೆರೊ ಸುಡಬೇಕೋ ಬೇಡವೋ?

ಆಂಟನಿ ಅಂಥ ಮಾತು ಕೊಟ್ಟದ್ದೇ ಇಲ್ಲ. ಅಭ್ಯಾಸಕ್ಕೆಂದು ಹುಟ್ಟಿಸಿದ ಪ್ರಶ್ನೆ ಅದು. ಮಾತಾಡಿದವರೆಲ್ಲ ಒಂದೇ ಕಡೆ ನಿಂತರು: ಸುಡಬೇಡ, ಸಾಯಿ. ಇನ್ನೊಂದು ಕಡೆ ಹಿಡಿದು ವಾದ ಮಾಡಿದವರು ಒಬ್ಬರೂ ನನಗೆ ಗೊತ್ತಿಲ್ಲ, ಎಲ್ಲರಿಗೂ ಸಿಸೆರೊನ ಪುಸ್ತಕಗಳದ್ದೇ ಚಿಂತೆ, ಅವನ ಚಿಂತೆ ಯಾರಿಗೂ ಇರಲಿಲ್ಲ ಎಂದು ಸೆನೆಕಾ ಬರೆಯುತ್ತಾನೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಾನೆ. ಆ ಇನ್ನೊಂದು ಕಡೆಯ ವಾದ ಅಷ್ಟೇನೂ ಕೆಟ್ಟದ್ದಲ್ಲ, ಇಂಥ ಅವಕಾಶ ನಿಜವಾಗಿ ಬಂದಿದ್ದರೆ ಸಿಸೆರೊ ಕೂತು ಯೋಚನೆ ಮಾಡುತ್ತಿದ್ದ ಅಂತ.